ಹೆದ್ದಾರಿ 66ರ ಗುಡ್ಡ ಕುಸಿತ: ತುರ್ತು ದುರಸ್ತಿಗೆ ಯಾರ ಒಪ್ಪಿಗೆ, ಎಲ್ಲಿಯವರೆಗೆ?

ಹೊಳೆಸಾಲು

ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೊಳೆದಂಡೆಯ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು 2024ರ ಜುಲೈ 16ರಂದು. ಯಾಕೆ ಬಿತ್ತು ಅನ್ನುವ ಬಗ್ಗೆ ಆಮೇಲೆ ಬೇಕಾದಷ್ಟು ಮಾತಾಯಿತು, ಆಗಲೇಬೇಕಿತ್ತು. ಆದರೆ ಗುಡ್ಡ ಬಿದ್ದ ಮೇಲೆ ನಡೆಯುವ ಕೆಲಸಕ್ಕೆ ಯಾರು ಒಪ್ಪಿಗೆ ಕೊಡುತ್ತಾರೆ, ಆ ಒಪ್ಪಿಗೆ ಯಾವ ದಿನದವರೆಗೆ ನಡೆಯುತ್ತದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಿದ್ದು ನಾನು ಕಾಣೆ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದು.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಸಿಕ್ಕಿಕೊಂಡವರನ್ನು ಹುಡುಕುವುದಕ್ಕೆ, ರಸ್ತೆ ಮೇಲಿನ ಮಣ್ಣು ತೆಗೆಯುವುದಕ್ಕೆ ಯಾವ ಕಡತವೂ ಅಡ್ಡ ಬರಬಾರದು. ಆದರೆ ಅದೇ ‘ತುರ್ತು’ ಹೆಸರು ಹೇಳಿಕೊಂಡು ಗುಡ್ಡವನ್ನು ಇನ್ನಷ್ಟು ಕಡಿಯುವುದು, ತೆಗೆದ ಮಣ್ಣನ್ನು ಹೊಳೆಗೋ, ಉಪ್ಪುನೀರು ಹೋಗಿ ಬರುವ ಗಜನಿ ಗದ್ದೆಗೋ ಸುರಿಯುವುದು, ಒಂದು ಗೋಡೆ ಎಬ್ಬಿಸಿ ಕೆಲಸ ಮುಗಿಯಿತು ಅನ್ನುವುದು ಬೇರೆಯೇ ವಿಷಯ. ಎರಡನ್ನೂ ಒಂದೇ ಸಹಿಯಲ್ಲಿ ಮುಗಿಸುವುದು ನಿಲ್ಲಬೇಕು. ತುರ್ತು ಅನುಮತಿಗೆ ಕೊನೆಯ ದಿನ ಇರಲಿ. ಶಾಶ್ವತ ದುರಸ್ತಿ ಬೇರೆ ಪರಿಶೀಲನೆಗೆ ಬರಲಿ. ಮಣ್ಣು ಎಲ್ಲಿ ಹಾಕಬೇಕು ಅನ್ನುವುದು ಏಪ್ರಿಲ್‌ನಲ್ಲೇ ತೀರ್ಮಾನವಾಗಿರಲಿ.

ರಸ್ತೆ ಕೆಲಸದವರು, ಕಾನೂನು ಬಲ್ಲವರು, ಹೊಳೆ ನಂಬಿ ಬದುಕುವವರು ಬರೆಯಿರಿ.

ಲಾರಿ ಲೈನ್

ಪರಿಶೀಲನೆ, ಸಮಿತಿ ಅಂತ ಕೇಳಿದರೆ ನಮಗೆ ಹೆದರಿಕೆ ಆಗುತ್ತದೆ. ಅಂಕೋಲಾ ಮತ್ತು ಕುಮಟಾ ನಡುವೆ 66 ಬಂದ್ ಆದರೆ ಲೋಡ್ ಗಾಡಿಗೆ ಬೇರೆ ದಾರಿ ಅಂದರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಶಿರಸಿ ಸುತ್ತಿ ಮತ್ತೆ ಕೆಳಗಿಳಿಯುವುದು. ಅದೇ ಮಳೆಗೆ ದೇವಿಮನೆ ಘಟ್ಟದಲ್ಲೂ ಧರೆ ಕುಸಿದಿರುತ್ತದೆ. ಮೀನಿನ ಗಾಡಿ ಕಥೆ ಬಿಡಿ, ಆಂಬುಲೆನ್ಸ್ ಕಥೆ ಏನು? ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲ. ಹೃದಯದ ಕಾಯಿಲೆಯವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಒಯ್ಯಬೇಕು. ಮೊದಲು ರಸ್ತೆ ಬಿಡಿಸಿ, ಕಾಗದ ಆಮೇಲೆ ನೋಡಿಕೊಳ್ಳಿ.

ಕರಿಕೋಟು

ಲಾರಿ ಲೈನ್ ಅವರೇ, ನೀವು ಕೇಳಿದ್ದನ್ನು ಕಾನೂನು ಆಗಲೇ ಕೊಟ್ಟಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಂ ನೋಡಿ. ಅವಶೇಷ ತೆರವು ಮಾಡುವುದು, ಹುಡುಕಾಟ ನಡೆಸುವುದು, ವಾಹನ ಸಂಚಾರ ತಡೆಯುವುದು ಇವೆಲ್ಲ ಜಿಲ್ಲಾ ಪ್ರಾಧಿಕಾರದ ಅಧಿಕಾರದಲ್ಲಿವೆ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. 50ನೇ ಕಲಂ ಪ್ರಕಾರ ರಕ್ಷಣೆ ಮತ್ತು ಪರಿಹಾರಕ್ಕೆ ತಕ್ಷಣ ಬೇಕಾದ ಸಾಮಗ್ರಿಯನ್ನು ಟೆಂಡರ್ ಕರೆಯದೆ ತರಿಸಬಹುದು. 72ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಬೇರೆ ಕಾನೂನಿನಲ್ಲಿ ಇದಕ್ಕೆ ವಿರುದ್ಧವಾದದ್ದು ಇದ್ದರೂ ಈ ಕಾಯ್ದೆಯ ಮಾತೇ ನಡೆಯುತ್ತದೆ. ಹಾಗಾಗಿ ಮೊದಲ ದಿನ ಹಿಟಾಚಿ ಇಳಿಸಲು ಅರಣ್ಯ ಇಲಾಖೆಯ ಪತ್ರ ಬಂದಿಲ್ಲ, ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಒಪ್ಪಿಗೆ ಆಗಿಲ್ಲ ಅಂತ ಯಾರಾದರೂ ಹೇಳಿದರೆ ಅದು ಕಾನೂನಿನ ಅಡ್ಡಿ ಅಲ್ಲ, ಹೇಳಿದವರ ಹಿಂಜರಿಕೆ.

ಈಗ ಹೊಳೆಸಾಲು ಅವರ ಮಾತಿಗೆ ಬರುತ್ತೇನೆ. 50ನೇ ಕಲಂ ‘ರಕ್ಷಣೆ ಅಥವಾ ಪರಿಹಾರ’ ಅನ್ನುತ್ತದೆ. ಮೂರು ತಿಂಗಳ ಮೇಲೆ ಕಟ್ಟುವ ತಡೆಗೋಡೆ ಅದರೊಳಗೆ ಬರುವುದಿಲ್ಲ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ರಾಜ್ಯದ ಪಾರದರ್ಶಕತೆ ಕಾಯ್ದೆ, ಅಂದರೆ 1999ರ ಕೆಟಿಪಿಪಿ, ಅದರ 4ನೇ ಕಲಮಿನ ಟೆಂಡರ್ ವಿನಾಯಿತಿಯೂ ಹಾಗೇ. ಸರ್ಕಾರ ಘೋಷಿಸಿದ ವಿಪತ್ತಿನ ‘ಅವಧಿಯಲ್ಲಿ’ ಮಾತ್ರ ಅದು ಅನ್ವಯ. ಎರಡು ಕಾಯ್ದೆ ಬರೆದವರಿಗೂ ತುರ್ತಿಗೆ ಒಂದು ಕೊನೆ ಇರಬೇಕು ಅನ್ನುವುದು ಗೊತ್ತಿತ್ತು. ಆ ಕೊನೆಯನ್ನು ಆದೇಶದಲ್ಲಿ ತಾರೀಖು ಹಾಕಿ ಬರೆಯುವ ಅಭ್ಯಾಸ ಬರಬೇಕು.

ಗುಡ್ಡದ ರಸ್ತೆ

ರಸ್ತೆ ಕಾಮಗಾರಿಯಲ್ಲಿ ಕೆಲಸ ಮಾಡಿದವನು ನಾನು. ಕಂಪನಿಗಳ ಹೆಸರು ಬೇಡ, ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ಮಣ್ಣು ‘ತೆಗೆಯುವುದು’ ಮತ್ತು ಗುಡ್ಡ ‘ಕಡಿಯುವುದು’ ಬೇರೆ ಬೇರೆ ಅಂತ ಇಲ್ಲಿ ಬರೆದಿದ್ದೀರಿ. ಸೈಟ್‌ನಲ್ಲಿ ನಿಂತವನಿಗೆ ಆ ಗೆರೆ ಕಾಣುವುದೇ ಇಲ್ಲ, ತೊಂದರೆ ಶುರುವಾಗುವುದು ಅಲ್ಲೇ.

ನಮ್ಮ ಕರಾವಳಿ ಗುಡ್ಡಗಳಲ್ಲಿ ಬಹಳ ಕಡೆ ಮೇಲೆ ಚಿರೆಕಲ್ಲು (ಜಂಬಿಟ್ಟಿಗೆ), ಅದರಡಿ ಜೇಡಿಯಂಥ ಶೇಡಿ ಮಣ್ಣು. ಚಿರೆಕಲ್ಲು ಬಿಸಿಲಿಗೆ ಗಟ್ಟಿ, ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಅದನ್ನು ನೋಡಿ ಇಡೀ ಗುಡ್ಡ ಹಾಗೇ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಶೇಡಿ ಮಣ್ಣು ಒಣಗಿದ್ದಾಗ ಉಗುರಿಗೆ ಸಿಗದಷ್ಟು ಬಿಗಿ, ನೀರು ಕುಡಿದ ಮೇಲೆ ಬೆಣ್ಣೆ. ಚಿರೆಕಲ್ಲಿನ ತೂತುಗಳಿಂದ ಇಳಿದ ಮಳೆನೀರು ಶೇಡಿ ಪದರದ ಮೇಲೆ ತಂಗುತ್ತದೆ, ಒಳಗೆ ಒತ್ತಡ ಏರುತ್ತದೆ, ಒಂದು ದಿನ ಮೇಲಿನ ಭಾರವೆಲ್ಲ ಜಾರುತ್ತದೆ.

ಜಾರಿದ ಮಣ್ಣು ಬುಡದಲ್ಲಿ ಗುಡ್ಡೆಯಾಗಿ ಕೂತಿದೆಯಲ್ಲ, ಅದೇ ಮೇಲೆ ಉಳಿದ ಭಾಗಕ್ಕೆ ಊರುಗೋಲು. ರಸ್ತೆ ಬಿಡಿಸುವ ಅವಸರದಲ್ಲಿ ಹಿಟಾಚಿಯವನಿಗೆ ಬುಡದಿಂದಲೇ ಎಳೆ ಅಂತ ಹೇಳುತ್ತಾರೆ. ಅವನು ಬಕೆಟ್ ತುಂಬಿ ಟಿಪ್ಪರಿಗೆ ಹಾಕಿದಷ್ಟೂ ಮೇಲಿಂದ ಇನ್ನಷ್ಟು ಬರುತ್ತದೆ. ‘ಎಷ್ಟು ತೆಗೆದರೂ ಮುಗಿಯುತ್ತಿಲ್ಲ’ ಅಂತ ಫೋನ್ ಹೋಗುತ್ತದೆ. ಮೇಲಿಂದ ಕೆಳಕ್ಕೆ ಇಳಿಸುತ್ತ ಬರಬೇಕು, ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಮಾಡಬೇಕು, ಮೊದಲು ಮೇಲಿನ ಬಿರುಕಿಗೆ ಪ್ಲಾಸ್ಟಿಕ್ ಹಾಸಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಇದು ಹೊಸ ಜ್ಞಾನವೇನಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗುಡ್ಡಗಾಡು ರಸ್ತೆ ಕೈಪಿಡಿ ಐಆರ್‌ಸಿ ಎಸ್‌ಪಿ 48ರಲ್ಲಿದೆ, ಭೂಕುಸಿತಕ್ಕೆಂದೇ 2015ರಲ್ಲಿ ಬಂದ ಎಸ್‌ಪಿ 106ರಲ್ಲೂ ಇದೆ.

ಆದರೆ ಮೇಲಿಂದ ಇಳಿಸಬೇಕಾದರೆ ಯಂತ್ರ ಗುಡ್ಡದ ತಲೆಗೆ ಹೋಗಬೇಕು, ಗುಡ್ಡದ ತಲೆ ಹೆದ್ದಾರಿಯ ಜಾಗದ ಹೊರಗಿರುತ್ತದೆ. ಅಲ್ಲಿ ಅರಣ್ಯ ಇದ್ದರೆ ಅನುಮತಿ ಬೇಕು, ಖಾಸಗಿ ಜಾಗ ಇದ್ದರೆ ಮಾಲೀಕರ ಒಪ್ಪಿಗೆ ಬೇಕು. ಬುಡಕ್ಕೆ ಯಾರ ಅನುಮತಿಯೂ ಬೇಡ, ಅದಕ್ಕೇ ಬುಡದಿಂದಲೇ ಎಳೆಯುತ್ತಾರೆ. ಅನುಮತಿಯ ವ್ಯವಸ್ಥೆಯೇ ಎಂಜಿನಿಯರನ್ನು ತಪ್ಪು ಕ್ರಮಕ್ಕೆ ತಳ್ಳುತ್ತಿದೆ ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ.

ಹೊಳೆಸಾಲು

ಗುಡ್ಡದ ರಸ್ತೆ ಸರ್, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಶಿರೂರಿನಲ್ಲಿ ರಸ್ತೆ ಅಗಲ ಮಾಡುವಾಗ ಗುಡ್ಡದ ಬುಡ ಕಡಿದದ್ದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್‌ಐ) ಕೂಡ ಎತ್ತಿ ಹೇಳಿತ್ತು. ದುರಸ್ತಿಯಲ್ಲೂ ಅದೇ ಬುಡ ಕಡಿದರೆ ಕಲಿತದ್ದೇನು?

ಅರಣ್ಯದಂಚು

ಅರಣ್ಯದ ಭಾಗ ನಾನು ಹೇಳುತ್ತೇನೆ, ಇದರಲ್ಲಿ ತಪ್ಪು ತಿಳಿವಳಿಕೆ ಬಹಳ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರ ತಿದ್ದುಪಡಿಯಲ್ಲಿ ಹೆಸರೂ ಬದಲಾಗಿದೆ, ಮೂಲ ತತ್ವ ಅದೇ: ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. ರಸ್ತೆಗೆಂದು ಆಗಲೇ ಕೊಟ್ಟ ಜಾಗದೊಳಗೆ ದುರಸ್ತಿ ಮಾಡಿದರೆ ಹೊಸದಾಗಿ ಕೇಳಬೇಕಾಗಿಲ್ಲ. ಗಡಿ ದಾಟಿ ಇಳಿಜಾರನ್ನು ಹಿಂದಕ್ಕೆ ಸರಿಸಿದರೆ ಮಾತ್ರ ಅರ್ಜಿ ಕೇಂದ್ರದ ಅನುಮತಿ ಜಾಲತಾಣವಾದ ‘ಪರಿವೇಶ್’ ಪೋರ್ಟಲಿಗೆ ಹೋಗಿ, ಎರಡು ಹಂತದ ಒಪ್ಪಿಗೆ ಆಗಬೇಕು. ಉದ್ದುದ್ದ ಹೋಗುವ ಯೋಜನೆಗಳಿಗೆ, ಅಂದರೆ ರಸ್ತೆ, ರೈಲು, ವಿದ್ಯುತ್ ಮಾರ್ಗಗಳಿಗೆ, ಮೊದಲ ಹಂತ ಆದ ಮೇಲೆ ಹಣ ಕಟ್ಟಿ ಕೆಲಸ ಶುರು ಮಾಡುವ ಅವಕಾಶ ಇದೆ.

ಹೋದ ವರ್ಷ ಅಲುಗಿದ ಗುಡ್ಡ ಯಾವುದು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ಮೇಲೆ ಎಷ್ಟು ಜಾಗ ಬೇಕಾಗಬಹುದು ಅಂತ ಬೇಸಿಗೆಯಲ್ಲೇ ಅಳೆದು ಅರ್ಜಿ ಹಾಕಬಹುದಲ್ಲ? ಅರ್ಜಿಯನ್ನೇ ಹಾಕದೆ ಜುಲೈನಲ್ಲಿ ಅರಣ್ಯ ಇಲಾಖೆ ಬಿಡುತ್ತಿಲ್ಲ ಅನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ. ಅನುಮತಿ ನಿಧಾನ, ಒಪ್ಪುತ್ತೇನೆ. ಆದರೆ ಕೇಳದೇ ಇರುವುದು ಅದಕ್ಕಿಂತ ದೊಡ್ಡ ನಿಧಾನ.

ಬಳಚು

ಮಣ್ಣು ಎಲ್ಲಿ ಹಾಕುತ್ತೀರಿ ಅಂತ ಇನ್ನೂ ಯಾರೂ ಹೇಳಲಿಲ್ಲ.

ನಮ್ಮ ಮನೆ ಅಳಿವೆ ಹತ್ತಿರ. ಇಳಿತದ ಹೊತ್ತಿಗೆ ಹೆಂಗಸರು ಹೊಳೆಗಿಳಿದು ಬಳಚು, ಅಂದರೆ ಚಿಪ್ಪಿಮೀನು, ಹೆಕ್ಕುತ್ತೇವೆ, ಎಷ್ಟೋ ಮನೆಗೆ ಅದೇ ದಿನದ ಖರ್ಚು. ಬಳಚು ಓಡಿಹೋಗುವ ಜೀವ ಅಲ್ಲ. ಅದು ಕೂತಲ್ಲೇ ನೀರು ಸೋಸಿ ಬದುಕುತ್ತದೆ, ಮೇಲೆ ಮಣ್ಣು ಕೂತರೆ ಕೂತಲ್ಲೇ ಸಾಯುತ್ತದೆ. ಮಳೆಗಾಲದ ಕೆಂಪು ನೀರು ನಮಗೆ ಹೊಸದಲ್ಲ, ಅದು ಬಂದು ಹೋಗುತ್ತದೆ. ಟಿಪ್ಪರಿನಿಂದ ದಂಡೆಗೆ ಸುರಿದ ಮಣ್ಣು ಹಾಗಲ್ಲ. ಮಳೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಕರಗಿ ಇಳಿಯುತ್ತದೆ, ಚಳಿಗಾಲದಲ್ಲೂ ಕೈಗೆ ಜಿಗುಟು ಜಿಗುಟಾಗಿ ಸಿಗುತ್ತದೆ. ಬೆರಳಿಂದ ಕೆದರಿದರೆ ಒಳಗೆ ಬರೀ ಬಾಯಿ ತೆರೆದ ಚಿಪ್ಪು.

ಗಜನಿ ಗದ್ದೆಗೆ ಹಾಕಿದರೆ ‘ಭರ್ತಿ ಆಯ್ತು, ಜಾಗ ಆಯ್ತು’ ಅಂತ ಕೆಲವರಿಗೆ ಖುಷಿ. ಉಪ್ಪುನೀರು ಹೋಗಿ ಬರುವ ದಾರಿ ಮುಚ್ಚಿದರೆ ಪಕ್ಕದ ಗದ್ದೆಯೂ ಹೋಯಿತು, ಸಿಗಡಿ ಮರಿಯೂ ಹೋಯಿತು. ರಸ್ತೆ ಬೇಡ ಅನ್ನುತ್ತಿಲ್ಲ. ನಮ್ಮ ಮಕ್ಕಳೂ ಅದೇ ರಸ್ತೆಯಲ್ಲಿ ಕಾಲೇಜಿಗೆ ಹೋಗುತ್ತಾರೆ. ಮಣ್ಣು ಹಾಕುವ ಮೊದಲು ಒಂದು ಮಾತು ಕೇಳಿ ಅನ್ನುತ್ತೇನೆ.

ಕರಿಕೋಟು

ಅಕ್ಕ, ನೀವು ಕೇಳುತ್ತಿರುವುದು ಆಗಲೇ ನಿಯಮದಲ್ಲಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, 2011ರದ್ದೂ 2019ರದ್ದೂ, ಕಟ್ಟಡ ಅವಶೇಷ ತಂದು ಜಾಗ ಭರ್ತಿ ಮಾಡುವುದನ್ನು ನಿಷೇಧಿಸುತ್ತದೆ. ನೀರಿನ ಸಹಜ ಹರಿವಿಗೆ ಅಡ್ಡ ಬರುವ ಭರ್ತಿಗೂ ಒಡ್ಡಿಗೂ ಪಟ್ಟಿ ಮಾಡಿದ ಕೆಲವೇ ಕಾರಣಗಳಿಗೆ ಅವಕಾಶ. ಕಡಲ ದಂಡೆ ಮಾತ್ರ ಸಿಆರ್‌ಝಡ್ ಅಂದುಕೊಂಡವರು ಬಹಳ. ಉಬ್ಬರವಿಳಿತ ಮುಟ್ಟುವಷ್ಟು ದೂರ ಹೊಳೆಯ ಎರಡೂ ದಂಡೆ ಅದರಲ್ಲಿ ಬರುತ್ತವೆ. ಆ ದೂರ ಎಷ್ಟು ಅನ್ನುವುದನ್ನು ಕಡು ಬೇಸಿಗೆಯಲ್ಲಿ ಉಪ್ಪಿನಂಶ ಅಳೆದು ತೀರ್ಮಾನಿಸುತ್ತಾರೆ, ಸಾವಿರಕ್ಕೆ 5 ಭಾಗ ಉಪ್ಪು ಸಿಗುವಲ್ಲಿಯವರೆಗೆ. ಅಂಥ ಹೊಳೆಯಲ್ಲಿ 2019ರ ಅಧಿಸೂಚನೆ ಪ್ರಕಾರ ದಂಡೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2011ರಲ್ಲಿ 100 ಮೀಟರ್ ಇತ್ತು.

ಇನ್ನೊಂದು ಮುಖ್ಯ ವಿಷಯ. ರಸ್ತೆಯಂಥ ಯೋಜನೆಗೆ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಅಂತ 2020ರ ಮಾರ್ಚ್ 28ರಂದು ಕೇಂದ್ರ ವಿನಾಯಿತಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು 2024ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಎಷ್ಟು ಮಣ್ಣು, ಯಾವ ಜಾಗ, ಯಾವ ಕ್ರಮ, ಯಾವುದೂ ಹೇಳದ ವಿನಾಯಿತಿ ಅದು, ಜನರ ಆಕ್ಷೇಪಣೆಯನ್ನೂ ಕರೆದಿರಲಿಲ್ಲ. ತುರ್ತು ಅನುಮತಿಗೂ ಇದೇ ಮಾತು ಹೊಂದುತ್ತದೆ. ಪ್ರಮಾಣ, ಜಾಗ, ಅವಧಿ ಬರೆದಿದ್ದರೆ ಅದು ನ್ಯಾಯಾಲಯದಲ್ಲಿ ನಿಲ್ಲುತ್ತದೆ, ‘ಅಗತ್ಯವಿದ್ದಷ್ಟು’ ಅಂತ ಬರೆದರೆ ನಿಲ್ಲುವುದು ಕಷ್ಟ. ಹೊಳೆಯೊಳಗೆ ಬಿದ್ದ ಮಣ್ಣನ್ನು ವಿಪತ್ತು ನಿರ್ವಹಣೆಗಾಗಿ ಹೂಳೆತ್ತುವುದಕ್ಕೆ ಮಾತ್ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಬೇರೆ ವಿನಾಯಿತಿ ಇದೆ, ಅದನ್ನು ಇದರ ಜತೆ ಕಲಸಬೇಡಿ.

ಕಡಲಾಚೆ

ಕ್ಯಾಲಿಫೋರ್ನಿಯದಲ್ಲಿದ್ದೇನೆ. ಇಲ್ಲಿ ಬಿಗ್ ಸರ್ ಕಡೆ ಹೋಗುವ ಹೈವೇ 1 ಕೂಡ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೀರು. ಕುಸಿತ ಇಲ್ಲಿಗೆ ಹೊಸದಲ್ಲ. ಅನುಮತಿಯ ಕ್ರಮ ನಿಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಕರಾವಳಿಯಲ್ಲಿ ಬಹುತೇಕ ಏನು ಕಟ್ಟಿದರೂ 1976ರ ಕೋಸ್ಟಲ್ ಆಕ್ಟ್ ಪ್ರಕಾರ ಪರವಾನಗಿ ಬೇಕು. ತುರ್ತು ಇದ್ದರೆ ಕೋಸ್ಟಲ್ ಕಮಿಷನ್ನಿನ ಕಾರ್ಯನಿರ್ವಾಹಕ ನಿರ್ದೇಶಕರೇ, ಆಯೋಗದ ಸಭೆಗೆ ಕಾಯದೆ, ತುರ್ತು ಪರವಾನಗಿ ಕೊಡಬಹುದು. ಜೀವಕ್ಕೋ ಆಸ್ತಿಗೋ ಅಗತ್ಯ ಸಾರ್ವಜನಿಕ ಸೇವೆಗೋ ಹಠಾತ್ತನೆ ಅಪಾಯ ಬಂದಿದ್ದರೆ ಅದು ತುರ್ತು. ಆದರೆ ಆ ಪರವಾನಗಿ ತಾತ್ಕಾಲಿಕ. ಕೆಲಸ ಹಾಗೇ ಉಳಿಯಬೇಕಾದರೆ ಆಮೇಲೆ ಮಾಮೂಲಿ ಪರವಾನಗಿಗೆ ಅರ್ಜಿ ಹಾಕಲೇಬೇಕು, ಆಗ ಸಾರ್ವಜನಿಕ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಸಿಗದಿದ್ದರೆ ತುರ್ತಿನಲ್ಲಿ ಹಾಕಿದ್ದನ್ನು ತೆಗೆಯಬೇಕಾಗಿ ಬರಬಹುದು. ಇಲ್ಲಿನ ಕಡಲು ಸಂರಕ್ಷಿತ ಅಭಯಧಾಮವೂ ಆಗಿರುವುದರಿಂದ, ಬಿದ್ದ ಮಣ್ಣನ್ನು ಅಂಚಿನಿಂದ ಕೆಳಕ್ಕೆ ತಳ್ಳಿ ಕೈ ತೊಳೆದುಕೊಳ್ಳುವಂತಿಲ್ಲ.

ಲಾರಿ ಲೈನ್

ಕಡಲಾಚೆಯವರೇ, ಅಲ್ಲಿ ರಸ್ತೆ ಎಷ್ಟು ದಿನ ಬಂದ್ ಇರುತ್ತದೆ ಅದನ್ನೂ ಹೇಳಿ.

ಕಡಲಾಚೆ

ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಮಡ್ ಕ್ರೀಕ್ ಅನ್ನುವಲ್ಲಿ 2017ರ ಮೇ 20ರಂದು ಇಡೀ ಗುಡ್ಡವೇ ರಸ್ತೆಯನ್ನು ಎತ್ತಿಕೊಂಡು ಕಡಲಿಗೆ ಹೋಯಿತು. ರಸ್ತೆ ತೆರೆದದ್ದು 2018ರ ಜುಲೈ 18ಕ್ಕೆ. ಖರ್ಚು ಸುಮಾರು 5.4 ಕೋಟಿ ಡಾಲರ್. ಆದರೆ ಗುಡ್ಡ ಕದಲುವುದು ನಿಲ್ಲದೆ ಮೇಲೆ ರಸ್ತೆ ಹಾಕುವ ಹಾಗಿರಲಿಲ್ಲ. ಕೊನೆಗೆ ಬಿದ್ದ ಮಣ್ಣಿನ ರಾಶಿಯ ಮೇಲೇ, ಕಡಲ ಕಡೆ ಬಂಡೆಗಳ ಕಟ್ಟೆ ಹಾಕಿ ಹೊಸ ರಸ್ತೆ ಮಾಡಿದರು. ನೀವು ಹೇಳುವ ಕಷ್ಟ ಅಲ್ಲಿಯ ಊರಿನವರೂ ಪಟ್ಟಿದ್ದಾರೆ.

ಲಾರಿ ಲೈನ್

ಹದಿನಾಲ್ಕು ತಿಂಗಳು! ನಮ್ಮಲ್ಲಿ ಹಾಗಾದರೆ ಹೆದ್ದಾರಿ ಬದಿಯ ಅರ್ಧ ಅಂಗಡಿ ಮುಚ್ಚುತ್ತವೆ, ಗಾಡಿ ಸಾಲ ಕಟ್ಟಲಾಗದೆ ಗಾಡಿಯೇ ಹೋಗುತ್ತದೆ. ಅಲ್ಲಿಯದ್ದು ನೋಡಲು ಹೋಗುವವರ ರಸ್ತೆ. 66 ಹಾಗಲ್ಲ, ಪನ್ವೇಲ್‌ನಿಂದ ಕನ್ಯಾಕುಮಾರಿ ತನಕ ಸರಕು ಇದರಲ್ಲೇ ಹೋಗಬೇಕು. ಅವರ ಕ್ರಮ ಇಲ್ಲಿಗೆ ತಂದರೆ ಆಗುವುದಿಲ್ಲ.

ಹೊಳೆಸಾಲು

ಅವರ ಅವಧಿ ತರುವುದು ಬೇಡ, ಎರಡು ಹಂತ ಮಾತ್ರ ತರೋಣ. ಮೊದಲ ಹಂತ ನಿಮ್ಮದು: ಮಣ್ಣು ತೆಗಿ, ಒಂದು ಲೇನ್ ಬಿಡು, ಮೇಲಿನ ನೀರು ತಿರುಗಿಸು. ಅದಕ್ಕೆ ಜಿಲ್ಲಾಧಿಕಾರಿಯ ಆದೇಶ ಸಾಕು, ಅದೇ ದಿನ. ಎರಡನೆಯದು ಬಳಚು ಅಕ್ಕನದ್ದು, ಗುಡ್ಡದ ರಸ್ತೆ ಸರ್ ಅವರದ್ದು. ಆ ಗುಡ್ಡವನ್ನು ಯಾವ ಕೋನಕ್ಕೆ ಇಳಿಸುತ್ತೀರಿ, ತಂತಿಬಲೆಗೆ ಕಲ್ಲು ತುಂಬುವ ಗೇಬಿಯನ್ನೋ ಗುಡ್ಡಕ್ಕೆ ಸರಳು ಹೊಡೆಯುವ ಸಾಯಿಲ್ ನೈಲಿಂಗೋ, ನೀರು ಎಲ್ಲಿಂದ ಹೊರಗೆ ಬರುತ್ತದೆ, ಮಣ್ಣು ಎಲ್ಲಿ ಹೋಯಿತು, ಇದನ್ನು ಮಳೆ ಮುಗಿದ ಮೇಲೆ ಜನರ ಮುಂದೆ ಇಡಬೇಕು. ರಸ್ತೆ ಅಷ್ಟರಲ್ಲಿ ತೆರೆದೇ ಇರುತ್ತದೆ. ನಿಮಗೆ ಇದರಲ್ಲಿ ಒಂದು ದಿನವೂ ನಷ್ಟ ಇಲ್ಲ.

ಎರಡನೇ ಹಂತ ಇಲ್ಲದೇ ಹೋದರೆ ನಷ್ಟ ನಿಮ್ಮದೇ. ಅದೇ ಜಾಗ ಮರುವರ್ಷ ಮತ್ತೆ ಜರಿದರೆ ಮತ್ತೆ ಯಲ್ಲಾಪುರ ಸುತ್ತುವವರು ನೀವು.

ಗುಡ್ಡದ ರಸ್ತೆ

ಒಂದು ಎಚ್ಚರಿಕೆ. ಒಂದು ಲೇನ್ ಬಿಡುವುದನ್ನೂ ಸುಲಭದ ಕೆಲಸ ಅಂತ ತಿಳಿಯಬೇಡಿ. ಬಿದ್ದ ಗುಡ್ಡದಲ್ಲಿ ಇನ್ನೆಷ್ಟು ಬಾಕಿ ಇದೆ ಅಂತ ನೋಡದೆ ಬಿಡಬಾರದು. ಜಿಲ್ಲಾಧಿಕಾರಿ ಸಹಿ ಹಾಕುವ ಮೊದಲು ಭೂವಿಜ್ಞಾನಿ ಗುಡ್ಡ ಹತ್ತಿ ನೋಡಿ ಎರಡು ಸಾಲು ಬರೆದು ಕೊಡಲಿ. ಭೂಕುಸಿತದ ವಿಷಯದಲ್ಲಿ ದೇಶಕ್ಕೇ ಜವಾಬ್ದಾರಿ ಇರುವ ಸಂಸ್ಥೆ ಜಿಎಸ್‌ಐ. ಶಿರೂರು ಕುಸಿದ ಅದೇ ವಾರದಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಶುರುವಾಯಿತು. ಮುನ್ಸೂಚನೆ ಒಳ್ಳೆಯದೇ, ಆದರೆ ಅದು ತಾಲೂಕಿನ ಮಟ್ಟದ ಮಾತು. ಈ ಒಂದು ಗುಡ್ಡದ ಈ ಒಂದು ಬಿರುಕು ನಿನ್ನೆಗಿಂತ ಅಗಲ ಆಗಿದೆಯಾ ಅನ್ನುವುದಕ್ಕೆ ಅಲ್ಲೇ ಯಾರಾದರೂ ಗೂಟ ನೆಟ್ಟು ಅಳೆಯಬೇಕು.

ತಡೆಗೋಡೆ ಬಗ್ಗೆಯೂ ಹೇಳಿಬಿಡುತ್ತೇನೆ. ಗೋಡೆ ಕಟ್ಟಿದವರು ನೀರು ಹೊರಬರಲು ತೂತು ಬಿಟ್ಟಿರುತ್ತಾರೆ, ಅದರ ಹಿಂದೆ ಜಲ್ಲಿ ತುಂಬದೆ ಬಿಟ್ಟಿರುತ್ತಾರೆ. ಮೊದಲ ಮಳೆಗೇ ಶೇಡಿ ಮಣ್ಣು ಬಂದು ತೂತು ಮುಚ್ಚುತ್ತದೆ. ಜೋರು ಮಳೆಯಲ್ಲಿ ತಡೆಗೋಡೆ ಮುಂದೆ ನಿಂತು ನೋಡಿ. ತೂತಿನಿಂದ ನೀರು ಬರುತ್ತಿದ್ದರೆ ಒಳ್ಳೆಯದು. ಎಲ್ಲ ತೂತೂ ಒಣಗಿದ್ದು ಗೋಡೆ ತುದಿಯಿಂದ ನೀರು ಇಳಿಯುತ್ತಿದ್ದರೆ ಆ ಗೋಡೆ ಬಹಳ ದಿನ ಇರುವುದಿಲ್ಲ.

ಅರಣ್ಯದಂಚು

ಹಾಗಾದರೆ ಬೇಸಿಗೆಯಲ್ಲಿ ಆಗಬೇಕಾದ್ದನ್ನು ಒಟ್ಟು ಮಾಡಿ ಜಿಲ್ಲಾಧಿಕಾರಿಗೆ ಕೊಡೋಣ. ಅಲುಗಿದ ಗುಡ್ಡಗಳ ಪಟ್ಟಿ, ಪ್ರತಿಯೊಂದರ ಮೇಲೆ ಯಂತ್ರ ಹತ್ತುವ ದಾರಿ, ಆ ದಾರಿ ಯಾರ ಜಾಗ, ಮಣ್ಣು ಹಾಕಲು ಹೊಳೆಯಿಂದಲೂ ಗಜನಿಯಿಂದಲೂ ದೂರ ಇರುವ ಕಂದಾಯ ಜಾಗ. ಬಿಟ್ಟ ಕಲ್ಲುಕ್ವಾರಿಗಳನ್ನೂ ನೋಡಬಹುದು. ಎಲ್ಲ ಇಲಾಖೆಯವರೂ ಒಂದೇ ದಿನ ಒಂದೇ ಗಾಡಿಯಲ್ಲಿ ಹೋಗಿ ನೋಡಿ ಸಹಿ ಹಾಕಿದರೆ ಜುಲೈನಲ್ಲಿ ಯಾರೂ ಯಾರಿಗೂ ಪತ್ರ ಬರೆಯಬೇಕಾಗಿಲ್ಲ.

ಬಳಚು

ಆ ಗಾಡಿಯಲ್ಲಿ ಹೊಳೆಯವರೊಬ್ಬರಿಗೂ ಜಾಗ ಇರಲಿ. ಎಲ್ಲಿ ಮಣ್ಣು ಹಾಕಿದರೆ ನೀರು ಯಾವ ಕಡೆ ಎಳೆಯುತ್ತದೆ ಅಂತ ನಕ್ಷೆಯಲ್ಲಿ ಇರುವುದಿಲ್ಲ, ನಮಗೆ ಗೊತ್ತಿರುತ್ತದೆ.

ಶಿರೂರಲ್ಲಿ ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಂಡೆಯ ಉಳುವರೆಯ ಮನೆಗಳಿಗೆ ಹೊಡೆಯಿತು. ರಸ್ತೆಯವರ ಲೆಕ್ಕದಲ್ಲಿ ಆಚೆ ದಂಡೆ ಇರಲೇ ಇಲ್ಲ.

ಕರಿಕೋಟು

ಉಳುವರೆಯ ಹೆಸರು ಮನವಿಯಲ್ಲಿ ಬರಲೇಬೇಕು. ಅನುಮತಿ ಆದೇಶದಲ್ಲಿ ‘ಬಾಧಿತ ಪ್ರದೇಶ’ ಅಂತ ಬರೆಯುವಾಗ ಎದುರು ದಂಡೆಯ ಗ್ರಾಮ ಪಂಚಾಯಿತಿಗೂ ಪ್ರತಿ ಹೋಗಲಿ. ಮನವಿಯ ಜತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯೂ ಹಾಕೋಣ. ಈವರೆಗೆ ಹೊರಡಿಸಿದ ತುರ್ತು ಆದೇಶಗಳ ಪ್ರತಿ, ಅವುಗಳ ಅವಧಿ, ತೆಗೆದ ಮಣ್ಣಿನ ಪ್ರಮಾಣ, ಹಾಕಿದ ಜಾಗದ ಸರ್ವೆ ನಂಬರ್ ಕೇಳಬೇಕು. ‘ಯಾಕೆ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ. ಕರಡು ನಾನು ಬರೆದು ಇಲ್ಲೇ ಹಾಕುತ್ತೇನೆ.

ಲಾರಿ ಲೈನ್

ಮನವಿಗೆ ನನ್ನ ಸಹಿಯೂ ಇರಲಿ. ಒಂದು ವಿಷಯ ಸೇರಿಸಿ. ಶಿರೂರಲ್ಲಿ ಚಹಾ ಕುಡಿಯಲು ನಿಂತ ಗಾಡಿಗಳು ಗುಡ್ಡದ ಬುಡದಲ್ಲೇ ಇದ್ದವು. ಗ್ಯಾಸ್ ಟ್ಯಾಂಕರ್ ಹೊಳೆಗೆ ಹೋಯಿತು. ಹೊಳೆಯೊಳಗಿನ ಲಾರಿಯನ್ನು ಗೋವಾದಿಂದ ಡ್ರೆಜ್ಜರ್ ತರಿಸಿ ಮೇಲೆತ್ತುವಾಗ ಸೆಪ್ಟೆಂಬರ್ 25, ಎರಡು ತಿಂಗಳು ದಾಟಿತ್ತು. ರಸ್ತೆ ಬಂದ್ ಮಾಡಿದಾಗಲೂ, ಒಂದು ಲೇನ್ ಬಿಟ್ಟಾಗಲೂ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಪೊಲೀಸರು ನಿಲ್ಲಿಸಿದಲ್ಲಿ ನಾವು ನಿಲ್ಲುತ್ತೇವೆ, ಮೇಲೆ ಏನಿದೆ ಅಂತ ರಾತ್ರಿ ಕಾಣುವುದಿಲ್ಲ. ತುರ್ತು ಆದೇಶದಲ್ಲಿ ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವ ಜಾಗವನ್ನೂ ಕಿಲೋಮೀಟರ್ ಕಲ್ಲಿನ ನಂಬರ್ ಹಾಕಿ ಬರೆಯಲಿ. ಗುಡ್ಡದಡಿ ಅಲ್ಲದ ಜಾಗ.

ಹೊಳೆಸಾಲು

ಸೇರಿಸುತ್ತೇನೆ, ಮೊದಲನೇ ಬೇಡಿಕೆಯಾಗಿ. ಅಂಕೋಲಾ, ಕುಮಟಾ, ಹೊನ್ನಾವರದವರು ನಿಮ್ಮ ಕಡೆ ಬಿರುಕು ಬಿಟ್ಟ ಗುಡ್ಡದ ಫೋಟೋ, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಇಲ್ಲಿ ಹಾಕಿ. ಫೋಟೋ ತೆಗೆಯಲು ಬುಡಕ್ಕೆ ಹೋಗಬೇಡಿ, ಎದುರು ಬದಿಯಿಂದ ತೆಗೆಯಿರಿ.